ಮಗ್ಗಿಯ ಹಿಂದೆ ಒಂದು ಹೊಲ

'ಏಳೆಂಟ್ಲ ಐವತ್ತಾರು' ಎಂದು ಕೂಗಿ ಕಲಿತ ಮಗು ಒಂದು ದಿನ ಆ ಸಾಲನ್ನೇ ಮರೆತರೆ ಏನು ಮಾಡಬೇಕು? ಬಾಯಿಪಾಠವೊಂದೇ ಗೊತ್ತಿದ್ದರೆ ದಾರಿ ಅಲ್ಲಿಗೆ ಮುಗಿಯಿತು. ಸಾಲಿಗೆ ಎಂಟರಂತೆ ಏಳು ಸಾಲು ಹುಣಸೆಬೀಜ ಜೋಡಿಸಿ ನೋಡಿದ ಮಗುವಿಗೆ ಇನ್ನೊಂದು ದಾರಿ ಉಂಟು. ಪ್ರತಿ ಸಾಲಿನ ಐದನೆಯ ಬೀಜದ ಆಚೆಗೆ ಒಂದು ಗೆರೆ ಎಳೆದರೆ ಈ ಕಡೆ ೩೫, ಆ ಕಡೆ ೨೧, ಕೂಡಿದರೆ ೫೬.

ಇಂದು ಹೊಸ ಕಲಿಕಾ ವಿಧಾನ ಎನಿಸಿಕೊಳ್ಳುವ ಈ ಉಪಾಯಕ್ಕೆ ದಕ್ಷಿಣ ಭಾರತದಲ್ಲೇ ಹಳೆಯ ಬೇರುಗಳಿವೆ.

೧೧೫೦ರ ಸುಮಾರಿನಲ್ಲಿ ಭಾಸ್ಕರಾಚಾರ್ಯರು 'ಲೀಲಾವತಿ'ಯಲ್ಲಿ ೧೩೫ನ್ನು ೧೨ರಿಂದ ಗುಣಿಸುವ ಲೆಕ್ಕ ಕೊಟ್ಟರು. ೧೨ನ್ನು ೮ ಮತ್ತು ೪ ಆಗಿ ಒಡೆಯಬಹುದು: ೧೦೮೦ ಮತ್ತು ೫೪೦, ಒಟ್ಟು ೧೬೨೦. ಸೂತ್ರವಿದ್ದದ್ದು ಸಂಸ್ಕೃತ ಪದ್ಯದಲ್ಲಿ. ಒಡೆದು ಗುಣಿಸಿದರೂ ಉತ್ತರ ಏಕೆ ಬದಲಾಗದು ಎಂಬುದನ್ನು ಗುರುವೋ ವ್ಯಾಖ್ಯಾನಕಾರನೋ ಬಿಡಿಸಿ ಹೇಳಬೇಕಿತ್ತು. ಅದೇ ಶತಮಾನದಲ್ಲಿ ರಾಜಾದಿತ್ಯ 'ವ್ಯವಹಾರಗಣಿತ', 'ಕ್ಷೇತ್ರಗಣಿತ'ಗಳನ್ನು ಕನ್ನಡದಲ್ಲಿ ಬರೆದು, ಲೆಕ್ಕವನ್ನು ಜನರ ನುಡಿಗೆ ತಂದ.

ಕಾರಣವನ್ನೇ ಮುಖ್ಯವಾಗಿಸಿಕೊಂಡ ಗ್ರಂಥ ಬಂದದ್ದು ಕೇರಳದಲ್ಲಿ, ೧೫೩೦ರ ಸುಮಾರಿಗೆ. ಜ್ಯೇಷ್ಠದೇವರ 'ಯುಕ್ತಿಭಾಷಾ' ಇರುವುದು ಮಲಯಾಳ ಗದ್ಯದಲ್ಲಿ. ಯುಕ್ತಿ ಎಂದರೆ ಇಲ್ಲಿ ಚಮತ್ಕಾರವಲ್ಲ, ಸಕಾರಣ ವಿವರಣೆ. ವೃತ್ತದ ಪರಿಧಿಯನ್ನು ಅನಂತ ಶ್ರೇಣಿಯಿಂದ ಕಂಡುಹಿಡಿಯುವ ಈ ಪುಸ್ತಕ ಶುರುವಾಗುವುದು ಕೂಡುವ, ಕಳೆಯುವ, ಗುಣಿಸುವ ಪಾಠಗಳಿಂದ. ಗುಣಾಕಾರವೆಂದರೆ ಕೂಡುವುದೇ ಎಂದು ಮೊದಲು ಹೇಳಿ, ಬಳಿಕ ಗುಣಲಬ್ಧವನ್ನು ಒಂದು ಕ್ಷೇತ್ರವಾಗಿ ತೋರಿಸುತ್ತದೆ: ಗುಣ್ಯದಷ್ಟು ಉದ್ದ, ಗುಣಕದಷ್ಟು ಅಗಲದ ಆಯತ, ಅದರೊಳಗೆ ಸಾಲುಸಾಲಾಗಿ ಒಂದೇ ಅಳತೆಯ ಚೌಕಗಳು. ಅದರ ಹೆಸರು ಘಾತಕ್ಷೇತ್ರ.

ಭಾಸ್ಕರರ ಲೆಕ್ಕವನ್ನು ಈ ಕ್ಷೇತ್ರದಲ್ಲಿಟ್ಟು ನೋಡಿದರೆ ಸಂದೇಹ ಉಳಿಯುವುದಿಲ್ಲ. ೧೩೫ ಚೌಕಗಳ ೧೨ ಸಾಲು. ಎಂಟನೆಯ ಸಾಲಿನ ಕೆಳಗೊಂದು ಬದು ಹಾಕಿದರೆ ಹೊಲ ಎರಡು ಪಾಲಾಗುತ್ತದೆ, ಒಂದು ಚೌಕವೂ ಕಳೆದುಹೋಗುವುದಿಲ್ಲ. ಹೊಲವನ್ನು ಪಕ್ಕದಿಂದ ನೋಡಿದರೆ ೧೨ ಚೌಕಗಳ ೧೩೫ ಸಾಲು. ಯಾವುದರಿಂದ ಯಾವುದನ್ನು ಗುಣಿಸಿದರೂ ಉತ್ತರ ಒಂದೇ ಎಂಬುದನ್ನು ಬೇರೆಯಾಗಿ ಒಪ್ಪಿಸಬೇಕಿಲ್ಲ. ವಿಸ್ತೀರ್ಣಕ್ಕೆ ಕನ್ನಡದಲ್ಲಿರುವ 'ಕ್ಷೇತ್ರಫಲ' ಎಂಬ ಇನ್ನೊಂದು ಹೆಸರಿನಲ್ಲಿ ಈ ಕ್ಷೇತ್ರ ಇನ್ನೂ ಉಳಿದಿದೆ.

೧೯೩೯ರಲ್ಲಿ ಮರಿಯಾ ಮಾಂಟೆಸ್ಸರಿ ಮದ್ರಾಸಿನ ಅಡ್ಯಾರಿಗೆ ಬಂದು ಶಿಕ್ಷಕರಿಗೆ ತರಬೇತಿ ಕೊಟ್ಟರು. ಹತ್ತು ಮಣಿಗಳ ಹತ್ತು ಸರಗಳನ್ನು ಜೋಡಿಸಿದ ಅವರ ನೂರರ ಚೌಕವನ್ನು ಮಗು ಕೈಯಲ್ಲಿ ಹಿಡಿಯಬಹುದಿತ್ತು. ಕೆಲವೇ ವರ್ಷಗಳ ಬಳಿಕ, ೧೯೪೮ರಲ್ಲಿ, 'ಯುಕ್ತಿಭಾಷಾ'ದ ಗಣಿತ ಭಾಗ ಟಿಪ್ಪಣಿಗಳೊಂದಿಗೆ ತ್ರಿಶ್ಶೂರಿನಲ್ಲಿ ಅಚ್ಚಾಯಿತು.

ಇದರಿಂದ ಮಗ್ಗಿಯ ಬೆಲೆಯೇನೂ ಕಡಿಮೆಯಾಗದು. ಅಂಗಡಿಯ ಕಟ್ಟೆಯ ಮುಂದೆ ಬೀಜ ಜೋಡಿಸುತ್ತ ಕೂರಲಾಗದು. ಅಲ್ಲಿ ಬಾಯಿಪಾಠವೇ ಬೇಕು. ಆದರೆ ಮಗ್ಗಿ ಮರೆತ ಮಗುವನ್ನು ದಡ್ಡನೆಂದು ಕೂರಿಸುವ ಮೊದಲು ಚೌಕಳಿ ಕಾಗದದ ಮೇಲೆ ಏಳೆಂಟರ ಹೊಲವೊಂದನ್ನು ಬರೆಯಿಸಬಹುದು. ಮನೆಮಾತು ಒಂದು, ಶಾಲೆಯ ಮಾತು ಇನ್ನೊಂದಾದ ಪುಣೆ, ದೆಹಲಿಯ ಮನೆಗಳಲ್ಲಿ ಇದರ ಉಪಯೋಗ ಹೆಚ್ಚು. ಮಗ್ಗಿ ಯಾವ ಭಾಷೆಯಲ್ಲಿ ತಪ್ಪಿದರೂ ಚೌಕಗಳನ್ನು ಎಣಿಸಿ ಉತ್ತರಕ್ಕೆ ಮರಳಬಹುದು.