ಹಂಪ್ ವೈಮಾನಿಕ ಸಾಗಣೆ

ಹಂಪ್ ಎಂಬುದು ಎರಡನೇ ಮಹಾಯುದ್ಧದ ಕಾಲದಲ್ಲಿ ಅಸ್ಸಾಂನಿಂದ ಚೀನಾದ ಕುನ್ಮಿಂಗ್‌ಗೆ, ಹಿಮಾಲಯದ ಪೂರ್ವ ಅಂಚಿನ ಪರ್ವತಗಳ ಮೇಲಿನಿಂದ ಮಿತ್ರರಾಷ್ಟ್ರಗಳು ನಡೆಸಿದ ವೈಮಾನಿಕ ಸಾಗಣೆಯ ರೂಢಿನಾಮ. ದಾಟಬೇಕಿದ್ದ ಪರ್ವತಸಾಲನ್ನು ವಿಮಾನಚಾಲಕರು 'ಡುಬ್ಬ' ಎಂಬರ್ಥದಲ್ಲಿ ಹೀಗೆ ಕರೆದರು. ಕರ್ನಾಟಕದ ಹಂಪೆಗೂ ಈ ಹೆಸರಿಗೂ ಸಂಬಂಧವಿಲ್ಲ.

ಹಿನ್ನೆಲೆ

1942ರಲ್ಲಿ ಜಪಾನ್ ಸೇನೆಯು ಬರ್ಮಾ ರಸ್ತೆಯನ್ನು ಕಡಿದುಹಾಕಿದ ಬಳಿಕ ಚೀನಾಕ್ಕೆ ಇಂಧನ, ಮದ್ದುಗುಂಡು ತಲುಪಿಸಲು ಆಕಾಶಮಾರ್ಗವೇ ಆಸರೆಯಾಯಿತು. ಚಬುವಾ, ದಿಂಜಾನ್, ಜೋರ್ಹಾಟ್ ಮೊದಲಾದ ನೆಲೆಗಳಿಂದ ಸಿ-47, ಸಿ-46 ವಿಮಾನಗಳು ಹಾರಿದವು. 1945ರ ನವೆಂಬರ್‌ವರೆಗೆ ಸುಮಾರು 6.5 ಲಕ್ಷ ಟನ್ ಸರಕು ಸಾಗಿತು. ಶತ್ರುವಿಮಾನಗಳಿಗಿಂತ ಹಿಮಗಟ್ಟುವಿಕೆ, ಬಿರುಗಾಳಿ ಮತ್ತು ದೋಷಪೂರ್ಣ ನಕ್ಷೆಗಳೇ ಹೆಚ್ಚು ಅಪಾಯಕಾರಿಯಾಗಿದ್ದವು. ಸುಮಾರು 600 ವಿಮಾನಗಳು ನಾಶವಾಗಿ, 1,300ಕ್ಕೂ ಹೆಚ್ಚು ಸಿಬ್ಬಂದಿ ಮಡಿದರು. ನೂರಾರು ಮಂದಿಯ ಸುಳಿವೇ ಸಿಗಲಿಲ್ಲ. 1944ರಿಂದ ಇದರ ನೇತೃತ್ವ ವಹಿಸಿದ ವಿಲಿಯಂ ಟನರ್ ಮುಂದೆ ಬರ್ಲಿನ್ ವೈಮಾನಿಕ ಸಾಗಣೆಯನ್ನೂ ನಿರ್ವಹಿಸಿದರು. ಬರ್ಲಿನ್ ಪಠ್ಯಪುಸ್ತಕ ಸೇರಿತು, ಹಂಪ್ ಸೇರಲಿಲ್ಲ.

ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯು (ಇಂದಿನ ಎಚ್‌ಎಎಲ್) ಆಗ ಅಮೆರಿಕದ ವಾಯುಪಡೆಯ ದುರಸ್ತಿ ಕೇಂದ್ರವಾಗಿ ಈ ರಣರಂಗದ ವಿಮಾನಗಳನ್ನು ಸರಿಪಡಿಸುತ್ತಿತ್ತು.

ಇತಿಹಾಸದ ಸಂರಕ್ಷಣೆ

ಅರುಣಾಚಲದ ಕಾಡುಗಳಲ್ಲಿ ಬಿದ್ದ ಅವಶೇಷಗಳನ್ನು ದಶಕಗಳ ಕಾಲ ಬಲ್ಲವರು ಸ್ಥಳೀಯ ಬೇಟೆಗಾರರು ಮಾತ್ರ. ಅಲ್ಯೂಮಿನಿಯಂ ತಗಡು ಹಳ್ಳಿಗಳಲ್ಲಿ ಪಾತ್ರೆಯಾಗಿ ಬಳಕೆಗೆ ಬಂತು. ಇದನ್ನು ಹಾನಿಯೆಂದು ಹಳಿಯುವುದು ಸುಲಭ. ಆದರೆ ಅಪಘಾತಸ್ಥಳಗಳ ದಾರಿ ತೋರಿದವರೂ ಇದೇ ಜನ. ಅಮೆರಿಕದ ಪರ್ವತಾರೋಹಿ ಕ್ಲೇಟನ್ ಕೂಲ್ಸ್ ಇವರ ನೆರವಿನಿಂದಲೇ ಹಲವು ಅವಶೇಷಗಳನ್ನು ಗುರುತಿಸಿದರು. 1944ರ ಜನವರಿಯಲ್ಲಿ ಕುನ್ಮಿಂಗ್‌ನಿಂದ ಚಬುವಾಕ್ಕೆ ಮರಳುವಾಗ ಎಂಟು ಮಂದಿಯೊಡನೆ ಕಣ್ಮರೆಯಾಗಿದ್ದ ಬಿ-24 ವಿಮಾನವನ್ನು ಅವರು 2006ರಲ್ಲಿ ಪತ್ತೆಹಚ್ಚಿದರು. ಅಲ್ಲಿ ದೊರೆತ ದೇಹಾವಶೇಷಗಳು 2016ರಲ್ಲಿ ಅಮೆರಿಕಕ್ಕೆ ಮರಳಿದವು. ಮರುವರ್ಷ ಒಬ್ಬ ಅಧಿಕಾರಿಯ ಗುರುತು ದೃಢಪಟ್ಟು, ಏಳು ದಶಕಗಳ ಬಳಿಕ ಅವರ ಅಂತ್ಯಕ್ರಿಯೆ ಸ್ವದೇಶದಲ್ಲಿ ನಡೆಯಿತು. ಚೀನಾದ ಯುನ್ನಾನ್ ಪ್ರಾಂತ್ಯದ ಪಿಯನ್ಮಾ ಬಳಿ 1996ರಲ್ಲಿ ಸಿಕ್ಕ ಸಿ-53 ವಿಮಾನವನ್ನು ಅಲ್ಲಿಯೇ ಸಂರಕ್ಷಿಸಲಾಗಿದೆ.

2023ರ ನವೆಂಬರ್‌ನಲ್ಲಿ ಅರುಣಾಚಲ ಪ್ರದೇಶದ ಪಾಸಿಘಾಟ್‌ನಲ್ಲಿ ಹಂಪ್ ವಸ್ತುಸಂಗ್ರಹಾಲಯ ಆರಂಭವಾಯಿತು. ಆಮ್ಲಜನಕದ ತೊಟ್ಟಿಗಳು, ಮೆಷಿನ್ ಗನ್‌ಗಳು, ವಿಮಾನಗಳ ಒಡಲಿನ ತುಂಡುಗಳು ಅಲ್ಲಿವೆ. ಈ ಸ್ಮರಣೆಯ ಬಹುಪಾಲು ವಿಮಾನ ಸಿಬ್ಬಂದಿಯ ಸುತ್ತಲೇ ಇದೆ. ಅಸ್ಸಾಂನ ಓಡುದಾರಿಗಳನ್ನು ಕೈಯಾರೆ ಕಲ್ಲು ಹಾಸಿ ನಿರ್ಮಿಸಿದ ಕಾರ್ಮಿಕರ ಪ್ರಸ್ತಾಪ ವಿರಳ.