ಮಳವಳ್ಳಿಯ ಕದನದ ತರುವಾಯ: ಸಹಕಾರ ಮತ್ತು ಪ್ರತಿರೋಧ

ಎರಡನೆಯ ಮಹಾಯುದ್ಧದಲ್ಲಿ ಜರ್ಮನಿಗೆ ಸೋತ ಫ್ರಾನ್ಸ್ 1940ನೆಯ ಜೂನ್ 22ರಂದು ಕದನವಿರಾಮಕ್ಕೆ ಒಪ್ಪಿತು. ವಿಷಿ ನಗರದಿಂದ ಆಳಿದ ಮಾರ್ಷಲ್ ಪೆತಾಂ ಗೆದ್ದವರೊಡನೆ ಸಹಕರಿಸಿದನು. ದ ಗಾಲ್ ಲಂಡನ್ನಿನಿಂದ ಪ್ರತಿರೋಧಕ್ಕೆ ಕರೆಯಿತ್ತನು. ಪರಾಧೀನ ರಾಷ್ಟ್ರಗಳ ಚರಿತ್ರೆಯನ್ನು ಅಂದಿನಿಂದ 'ಸಹಕಾರ', 'ಪ್ರತಿರೋಧ' ಎಂಬೆರಡು ಮಾತುಗಳಿಂದ ಅಳೆಯುವುದು ರೂಢಿಯಾಗಿದೆ. ಈ ಅಳತೆ 1799ರ ಮೈಸೂರಿಗೆ ಎಷ್ಟರಮಟ್ಟಿಗೆ ಒಪ್ಪುವುದೆಂಬುದನ್ನು ಇಲ್ಲಿ ವಿಚಾರಿಸುತ್ತೇವೆ.

ಆ ವರ್ಷದ ಮಾರ್ಚ್ 27ರಂದು ಮಳವಳ್ಳಿಯ ಬಳಿ ಟಿಪ್ಪು ಸುಲ್ತಾನನು ಜನರಲ್ ಹ್ಯಾರಿಸನ ಸೈನ್ಯವನ್ನು ಎದುರಿಸಿ ಹಿಮ್ಮೆಟ್ಟಿದನು. ಕಾವೇರಿಯ ಉತ್ತರದ ದಾರಿಯಲ್ಲಿ ಶತ್ರುವಿಗೆ ಮೇವು ದೊರೆಯದಂತೆ ಅವನು ಮೊದಲೇ ಅದನ್ನು ನಾಶಪಡಿಸಿದ್ದನು. ಹ್ಯಾರಿಸನು ಸೋಸಲೆಯ ಬಳಿ ಹೊಳೆ ದಾಟಿ ದಕ್ಷಿಣದ ದಾರಿ ಹಿಡಿದನು. ಮೇ 4ರಂದು ಶ್ರೀರಂಗಪಟ್ಟಣ ಬಿದ್ದಿತು.

ಜುಲೈ ತಿಂಗಳ ಒಡಂಬಡಿಕೆಯಂತೆ, ಕಂಪೆನಿಯ ಪಡೆಯನ್ನು ಸಾಕಲು ಮೈಸೂರು ವರ್ಷಕ್ಕೆ 7 ಲಕ್ಷ ಪಗೋಡ ತೆರಬೇಕಾಯಿತು. ಫ್ರಾನ್ಸಿನ ಮೇಲೂ ಜರ್ಮನಿಯು ದಿನಕ್ಕೆ 40 ಕೋಟಿ ಫ್ರಾಂಕುಗಳ ಆಕ್ರಮಣವೆಚ್ಚವನ್ನು ಹೇರಿತ್ತು. ತನ್ನನ್ನು ಹಿಡಿದಿಟ್ಟ ಸೈನ್ಯಕ್ಕೆ ಸೋತ ನಾಡೇ ಸಂಬಳವೀಯುವ ಈ ಏರ್ಪಾಡು ಎರಡು ಕಡೆಗಳಲ್ಲಿಯೂ ಒಂದೇ.

ಪ್ರತಿರೋಧವೂ ಇಲ್ಲದೆ ಹೋಗಲಿಲ್ಲ. ಟಿಪ್ಪುವಿನ ಸೆರೆಯಿಂದ ಹೊರಬಿದ್ದ ಚನ್ನಗಿರಿಯ ಧೋಂಡಿಯ ವಾಘನು, ಕೆಲಸ ಕಳೆದುಕೊಂಡ ಸಿಪಾಯಿಗಳನ್ನು ಕೂಡಿಸಿ ಬಿದನೂರು ಸೀಮೆಯಲ್ಲಿ ದಂಗೆಯೆದ್ದನು. 1800ನೆಯ ಸೆಪ್ಟೆಂಬರ್ 10ರಂದು ಕೋಣಗಲ್ಲಿನಲ್ಲಿ ಆರ್ಥರ್ ವೆಲ್ಲೆಸ್ಲಿಯ ಪಡೆಯೊಡನೆ ಕಾದಿ ಮಡಿದನು. 1943ರ ಕಡ್ಡಾಯ ದುಡಿಮೆಯ ಶಾಸನಕ್ಕೆ ಹೆದರಿದ ಫ್ರೆಂಚ್ ತರುಣರು ಕಾಡು ಸೇರಿದುದನ್ನು ಇದು ನೆನಪಿಗೆ ತರುತ್ತದೆ. ಹೊಸ ವ್ಯವಸ್ಥೆಯಲ್ಲಿ ನೆಲೆಯಿಲ್ಲದವರೇ ಪ್ರತಿರೋಧದ ಪಡೆಯನ್ನು ತುಂಬಿದರು. ಬಲಂ ಸೀಮೆಯ ಪಾಳೆಯಗಾರ ಕೃಷ್ಣಪ್ಪ ನಾಯಕನಾದರೋ ತನ್ನ ಸೀಮೆಯ ಸ್ವಾತಂತ್ರ್ಯಕ್ಕಾಗಿ 1802ರವರೆಗೆ ಸೆಣಸಿದನು.

ಆದರೆ ಇಲ್ಲಿಯೇ ಹೋಲಿಕೆ ಮುರಿಯುತ್ತದೆ. ಫ್ರಾನ್ಸಿನಲ್ಲಿ ಭಿನ್ನ ಮತದ ದಳಗಳನ್ನು ಜಾನ್ ಮೂಲಾಂ 1943ರಲ್ಲಿ ಒಂದೇ ಮಂಡಳಿಯೊಳಗೆ ತಂದನು. ಧೋಂಡಿಯನನ್ನೂ ಕೃಷ್ಣಪ್ಪ ನಾಯಕನನ್ನೂ ಬೆಸೆಯುವ ಧ್ಯೇಯವೇ ಇರಲಿಲ್ಲ. ಇಬ್ಬರೂ ತಮ್ಮ ತಮ್ಮ ರಾಜ್ಯಕ್ಕಾಗಿ ಹೋರಾಡಿದರು.

ಸಹಕಾರದ ತೀರ್ಮಾನವೂ ಸುಲಭವಲ್ಲ. ಹೈದರನಿಗೂ ಟಿಪ್ಪುವಿಗೂ ಮಂತ್ರಿಯಾಗಿದ್ದ ಪೂರ್ಣಯ್ಯನು ಬಾಲಕ ಮುಮ್ಮಡಿ ಕೃಷ್ಣರಾಜ ಒಡೆಯರ ದಿವಾನನಾಗಿ ವೆಲ್ಲೆಸ್ಲಿಗೆ ನೆರವಾದನು. 1807ರಲ್ಲಿ ಮಳವಳ್ಳಿಗೆ ಅನತಿದೂರದ ಯಳಂದೂರು ಅವನಿಗೆ ಜಹಗೀರಾಯಿತು. ಅವನನ್ನು ಪೆತಾಂನ ಪಂಕ್ತಿಯಲ್ಲಿ ಕುಳ್ಳಿರಿಸಬಹುದೆ? ಒಡೆಯರ ಮನೆತನದ ದೃಷ್ಟಿಯಲ್ಲಿ ಅದು ಪರಾಧೀನತೆಯಷ್ಟೇ ಅಲ್ಲ, ಕಳೆದ ಸಿಂಹಾಸನದ ಮರುಪ್ರಾಪ್ತಿಯೂ ಹೌದು. ವಿಷಿಗೆ ಇಂತಹ ಸಮರ್ಥನೆಯಿಲ್ಲ. ಸಹಕಾರವನ್ನು ಬಯಸಿ ಮುಂದಾದುದು ಆ ಸರ್ಕಾರವೇ ಎಂಬುದನ್ನು ಇತಿಹಾಸಕಾರ ಪ್ಯಾಕ್ಸ್ಟನ್ 1972ರಲ್ಲಿ ತೋರಿಸಿದ್ದಾನೆ.

ಆದುದರಿಂದ 'ದ್ರೋಹಿ', 'ದೇಶಭಕ್ತ' ಎಂಬ ಪಟ್ಟಗಳನ್ನು ಕಟ್ಟುವುದಕ್ಕೆ ಮೊದಲು, ಆ ಕಾಲದವರು ಯಾವುದನ್ನು ತಮ್ಮ ನಾಡೆಂದು ಎಣಿಸಿದ್ದರೆಂಬುದನ್ನು ವಿದ್ಯಾರ್ಥಿಯು ಕೇಳಿಕೊಳ್ಳಬೇಕು. ಮಳವಳ್ಳಿಯ ದಾರಿಯಲ್ಲಿ ಮೇವು ಕಳೆದುಕೊಂಡ ರೈತನಿಗೆ ಆ ಪ್ರಶ್ನೆಯನ್ನು ಯಾರೂ ಕೇಳಲಿಲ್ಲ.