ಗೇರುಗುಡ್ಡದ ಕೆಳಗಿನ ಮನೆಗಳು

ಉಪಶಾಮಕ ಆರೈಕೆಯ ಚರಿತ್ರೆಯನ್ನು 1967ರಲ್ಲಿ ಸಿಸಿಲಿ ಸಾಂಡರ್ಸ್ ಲಂಡನ್ನಿನಲ್ಲಿ ತೆರೆದ ಹಾಸ್ಪೈಸ್‌ನಿಂದ ಆರಂಭಿಸುವುದು ರೂಢಿ. ನಮ್ಮ ಕಡೆಯ ಚರಿತ್ರೆಯನ್ನು ನಾನು ಗೇರುತೋಪಿನಿಂದ ಆರಂಭಿಸುತ್ತೇನೆ.

ಪುತ್ತೂರಿನ ಗಡಿಯಾಚೆ, ಕಾಸರಗೋಡಿನ ಎಣ್ಮಕಜೆಯಲ್ಲಿ ಪಡ್ರೆ ಎಂಬ ಊರಿದೆ. 1970ರ ದಶಕದ ಕೊನೆಯಿಂದ 2000ದವರೆಗೆ ಅಲ್ಲಿನ ಗುಡ್ಡಗಳ ಮೇಲೆ ಹೆಲಿಕಾಪ್ಟರುಗಳು ಎಂಡೋಸಲ್ಫಾನ್ ಸುರಿದವು. ಇತ್ತ ದಕ್ಷಿಣ ಕನ್ನಡದ ಗೇರು ನಿಗಮದ ತೋಪುಗಳಲ್ಲೂ ಅದೇ ಸಿಂಪಡಣೆ. ಪಡ್ರೆಯ ವೈದ್ಯ ಡಾ. ವೈ.ಎಸ್. ಮೋಹನ ಕುಮಾರ್ ಬಳಿಗೆ ಮದ್ದಿಗೆ ಬಗ್ಗದ ಕಾಯಿಲೆಗಳು ಬರತೊಡಗಿದವು: ಕ್ಯಾನ್ಸರ್, ಅಪಸ್ಮಾರ, ಬುದ್ಧಿಮಾಂದ್ಯತೆ. ದೈವದ ಮುನಿಸೆಂದು ಊರವರು ನಂಬಿದ್ದರು. ವೈದ್ಯರು ಮಾತ್ರ ರೋಗಿಗಳು ಯಾವ ಯಾವ ಮನೆಯವರೆಂದು ಗಮನಿಸಿದರು. ಆ ಮನೆಗಳೆಲ್ಲ ತೋಪಿನ ಆಸುಪಾಸಿನವು. ಪತ್ರಕರ್ತ ಶ್ರೀಪಡ್ರೆ ಅದನ್ನು ಹೊರಜಗತ್ತಿಗೆ ಮುಟ್ಟಿಸಿದರು. ಗುಣಪಡಿಸಲಾಗದ ರೋಗಿಯನ್ನು ಸಾವಧಾನವಾಗಿ ಕೇಳಿಸಿಕೊಳ್ಳುವುದೇ ಇಲ್ಲಿ ಮೊದಲ ಸಾಕ್ಷ್ಯವಾಯಿತು. ಇದನ್ನು ಕನಿಕರ ಎನ್ನಲು ನನಗೆ ಮನಸ್ಸಿಲ್ಲ. ಕನಿಕರಕ್ಕೆ ಮನೆಗಳ ಲೆಕ್ಕ ಬೇಕಿಲ್ಲ.

2011ರ ಮೇ 13ರಂದು ಸುಪ್ರೀಂ ಕೋರ್ಟ್ ಎಂಡೋಸಲ್ಫಾನ್‌ಗೆ ದೇಶದಾದ್ಯಂತ ತಡೆ ಹಾಕಿತು. 2017ರಲ್ಲಿ ಕೇರಳದ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಲು ಆದೇಶಿಸಿತು. ನಮ್ಮಲ್ಲಿ ಕೊಕ್ಕಡದಲ್ಲೂ, ಈಗ ಕಡಬ ತಾಲೂಕಿಗೆ ಸೇರಿರುವ ಕೊಯಿಲದಲ್ಲೂ ಹಗಲು ಆರೈಕೆ ಕೇಂದ್ರಗಳು ಬಂದವು. ಬೆಳಗ್ಗೆ ಮಗ ಅಲ್ಲಿಗೆ ಹೋದರೆ ತಾಯಿಗೆ ಬಟ್ಟೆ ಒಗೆಯಲು, ಕೂಲಿಗೆ ಹೋಗಲು, ಸುಮ್ಮನೆ ಮಲಗಲು ಒಂದು ಹಗಲು ಸಿಗುತ್ತದೆ. ಪರಿಹಾರದ ಕಡತಗಳು ರೋಗಿಯನ್ನಷ್ಟೇ ಎಣಿಸುತ್ತವೆ, ಎತ್ತಿ ಕೂರಿಸುವ ಕೈಗಳನ್ನಲ್ಲ.

ಸಿಂಪಡಣೆಯ ಕಾಲದ ಮಕ್ಕಳು ಈಗ ಮೂವತ್ತು, ನಲವತ್ತು ದಾಟಿದ್ದಾರೆ. ತಾಯಂದಿರಿಗೆ ವಯಸ್ಸಾಗಿದೆ. ಹಗಲು ಕೇಂದ್ರ ಸಂಜೆಗೆ ಬಾಗಿಲು ಹಾಕುತ್ತದೆ. ತಮ್ಮ ನಂತರ ರಾತ್ರಿಗೆ ಯಾರು ಎಂದು ಅವರು ಕೇಳುತ್ತಲೇ ಇದ್ದಾರೆ.